ಸೊಟ್ಟ ಸಸಿಯ ಹರಕೆ

ನಮ್ಮತ್ತೆ ಕಾಮಾಕ್ಷಮ್ಮ ಕನಸು ಹೇಳದೆ ಬೆಳಗಿನ ಕಾಫಿ ಕುಡಿದವರಲ್ಲ. ನಾನು ಹಾಲು ಉಕ್ಕದಂತೆ ಒಲೆ ಕಾಯುತ್ತ ನಿಂತಿದ್ದರೆ ಅವರು ಹಿತ್ತಲ ಮೆಟ್ಟಿಲ ಮೇಲೆ ಕೂತು, “ಉಷಾ, ಕೇಳಮ್ಮಿ, ಇವತ್ತೊಂದು ಕನಸು ಬಿತ್ತು” ಎಂದು ಶುರು ಮಾಡುತ್ತಾರೆ. ಹಾರಂಗಿ ಹೊಳೆಯ ನೀರಿನ ಮೇಲಿಂದ ಮಂಜು ನಡೆದು ಬರುತ್ತದೆ. ಮಂಜಿನೊಳಗಿಂದ ಕಿತ್ತಳೆ ಮರಗಳು ಒಂದೊಂದಾಗಿ ಹೊರಬಂದು ನಮ್ಮ ಅಂಗಳದಲ್ಲಿ ಕೂರುತ್ತವೆ. ಅವುಗಳಲ್ಲಿ ಒಂದು ಮರ ಇವರ ಅವ್ವನ ದನಿಯಲ್ಲಿ ಮಾತಾಡುತ್ತದೆ. ಹಾಲು ಉಕ್ಕಿ ಒಲೆ ಆರಿದರೂ ಕನಸು ಮುಗಿಯುವುದಿಲ್ಲ. “ಅತ್ತೆ, ಸ್ವಲ್ಪ ಚಿಕ್ಕದು ಮಾಡಿ ಹೇಳಿ, ಬಸ್ಸು ತಪ್ಪುತ್ತೆ” ಎಂದು ನಾನು ರೇಗುತ್ತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಓಣಿಗೆಲ್ಲ ಗೊತ್ತು.

ಅತ್ತೆಯ ತವರು ಅರಕಲಗೂಡು ಕಡೆ. ಮಾವನವರು ಕುಶಾಲನಗರದ ಹತ್ತಿರ ಭೂಮಿ ಮಾಡಿಕೊಂಡು ಬಂದಾಗ ಇವರೂ ಬಂದರು, ಬಂದ ವರ್ಷವೇ ಕಿತ್ತಳೆ ಫಾರಂನ ನರ್ಸರಿಗೆ ಕೂಲಿಗೆ ಸೇರಿದರು. ಕೊಡಗಿನ ಕಿತ್ತಳೆಗೆ ರೋಗ ಬಂದು ತೋಟ ತೋಟಗಳೇ ಬೋಳಾದ ಮೇಲೆ ಅದನ್ನು ಉಳಿಸುವುದಕ್ಕೆಂದು ಮಾಡಿದ ಫಾರಂ ಅದು. ಅಲ್ಲಿ ಅತ್ತೆ ಬೀಜ ಊರಿದರು, ಸಸಿ ಎತ್ತಿದರು, ಕಸಿ ಕಟ್ಟಿದರು. ಅವರ ಕೈಗುಣದ ಮೇಲೆ ಎಲ್ಲರಿಗೂ ಎಷ್ಟು ನಂಬಿಕೆಯೆಂದರೆ, ಓಣಿಯಲ್ಲಿ ಯಾರು ಕರಿಬೇವಿನ ಗಿಡ ನೆಟ್ಟರೂ “ಕಾಮಾಕ್ಷಕ್ಕ, ಒಂದ್ಸಲ ಮುಟ್ಟಿ ಹೋಗಿ” ಎಂದು ಕರೆಯುತ್ತಿದ್ದರು. ಇವರೂ ಮುಟ್ಟಿ ಬರುತ್ತಿದ್ದರು. ಆ ಕೈ ಎಂದರೆ ಅವರಿಗೆ ಕೊರಳ ತಾಳಿಗಿಂತ ಹೆಚ್ಚು.

ನನ್ನನ್ನೂ ಆ ಕೈಯೇ ಆರಿಸಿದ್ದು. ಹೆಣ್ಣು ನೋಡಲು ಬಂದವರು ನನ್ನ ಮುಂಗೈ ಹಿಡಿದು ನೋಡಿ, “ಗಟ್ಟಿ ಸಸಿ, ನಮ್ಮ ನಂದೀಶಂಗೆ ಇದೇ ಇರ್ಲಿ” ಎಂದುಬಿಟ್ಟರು! ಅವತ್ತು ನನಗೆ ಮೈಯೆಲ್ಲ ಉರಿದಿತ್ತು.

ಸಸಿ ಆರಿಸುವುದರಲ್ಲಿ ಅವರದೊಂದು ಕಟ್ಟುನಿಟ್ಟು. ಕೊಡಗಿನ ಕಿತ್ತಳೆಯ ಒಂದು ಬೀಜ ಊರಿದರೆ ಒಂದೇ ಮೊಳಕೆ ಬರುವುದಿಲ್ಲ, ಎರಡು ಮೂರು ಒಟ್ಟಿಗೆ ತಲೆ ಎತ್ತುತ್ತವೆ. ಅವುಗಳಲ್ಲಿ ಒಂದೇ ತರದ, ನೆಟ್ಟಗಿನ, ದಪ್ಪ ಕಾಂಡದವನ್ನು ಉಳಿಸಿಕೊಳ್ಳಬೇಕು. ಎಲೆ ತಿರುಚಿಕೊಂಡು ಬಡಕಲಾಗಿರುವ ಸಸಿ ಒಂದಿದ್ದರೆ ಅದನ್ನು ಕಿತ್ತು ಹಾಕಬೇಕು. ಅಂಥದ್ದಕ್ಕೆ ಅತ್ತೆ ಇಟ್ಟ ಹೆಸರು ‘ಸೊಟ್ಟ’. ಫಾರಂನಲ್ಲಿ ಕಿತ್ತ ಗಿಡವನ್ನು ರೋಗದ ಭಯಕ್ಕೆ ಗುಂಡಿಯಲ್ಲಿ ಹಾಕಿ ಸುಡುವುದು ರೂಢಿ. “ಬೆಳೆಯುವ ಸಿರಿ ಮೊಳಕೆಯಲ್ಲೇ ಗೊತ್ತಾಗ್ತದೆ ಕಣಮ್ಮಿ” ಎನ್ನುತ್ತ ಅತ್ತೆ ಸೊಟ್ಟಗಳನ್ನು ಎರಡು ಬೆರಳಲ್ಲಿ ಚಿವುಟಿ ಎಳೆಯುತ್ತಿದ್ದರು. ಫಾರಂನ ಹಳೇ ಆಳುಗಳು ಕಲಿಸಿಕೊಟ್ಟ ಕೆಲಸ, ತಪ್ಪೆಂದು ಯಾರೂ ಯಾವತ್ತೂ ಹೇಳಿರಲಿಲ್ಲ.

ಹೀಗಿರುವಾಗ ಫಾರಂಗೆ ರಂಜಿತಾ ಮೇಡಂ ಬಂದರು. ಓದಿದ್ದು ಬಹಳ, ಆದರೆ ಊಟಕ್ಕೆ ನಮ್ಮ ಜೊತೆಯೇ ನೆಲದ ಮೇಲೆ ಕೂರುತ್ತಿದ್ದರು. ನಾನು ಅದೇ ಫಾರಂನಲ್ಲಿ ನೀರು ಬಿಡುವ ಕೆಲಸಕ್ಕಿದ್ದೆ. ಒಂದು ದಿನ ಊಟವಾದ ಮೇಲೆ ಅತ್ತೆ ಕೇಳಿದರು, “ಮೇಡಂನೋರೆ, ನೀವು ಆ ಕೋಣೇಲಿ ಇಡೀ ದಿನ ಎಲೆ ಅರೆದು ಏನು ನೋಡ್ತೀರಿ?”

ಮೇಡಂ ಸಸಿ ಕಟ್ಟುವ ದಾರದ ಉಂಡೆ ಎತ್ತಿಕೊಂಡರು. “ನೋಡಿ ಕಾಮಾಕ್ಷಮ್ಮ, ಗಿಡದ ಒಂದೊಂದು ಜೀವಕಣದಲ್ಲೂ ಇಂಥ ಉದ್ದದ ದಾರ ಇದೆ. ಎಲೆ ಹೇಗಿರಬೇಕು, ಹಣ್ಣಿಗೆ ಬಣ್ಣ ಯಾವಾಗ ಬರಬೇಕು, ರೋಗ ಬಂದ್ರೆ ಏನು ಮಾಡಬೇಕು, ಎಲ್ಲ ಅದರಲ್ಲೇ ಇದೆ. ಆದ್ರೆ ದಾರ ತಾನಾಗೇ ಏನೂ ಮಾಡಲ್ಲ. ಯಾರಾದ್ರೂ ಬಂದು ಸರಿಯಾದ ಜಾಗ ಹಿಡಿದು, ‘ಇಲ್ಲಿಂದ ಶುರು ಮಾಡು’ ಅನ್ನಬೇಕು.” ದಾರದ ಒಂದು ಕಡೆ ಬೆರಳು ಮಡಚಿ ಹಿಡಿದು ತೋರಿಸಿದರು. “ಹಾಗೆ ಹಿಡಿಯೋವು ಇವು. ಜಿಂಕ್ ಫಿಂಗರ್ ಅಂತೀವಿ. ಸತುವಿನ ಬೆರಳು. ಆ ಬೆರಳು ಮಡಚಿ ನಿಲ್ಲಬೇಕಾದ್ರೆ ಒಳಗೆ ಒಂದು ಕಣ ಸತು ಇರಬೇಕು.”

“ನಾವು ಗಿಡಕ್ಕೆ ಹೊಡೀತೀವಲ್ಲ, ಆ ಜಿಂಕಾ?”

“ಅದೇ ಜಿಂಕ್.”

“ಎಷ್ಟು ಬೆರಳು ಅವೆ?”

“ಬೇಕಾದಷ್ಟಿವೆ. ದೊಡ್ಡ ಕುಟುಂಬ. ಕೆಲವು ಚಳಿ ನೋಡ್ಕೊಳ್ತವೆ, ಕೆಲವು ಬಣ್ಣ, ಕೆಲವು ರೋಗ.”

“ಕುಟುಂಬ ಅಂದ್ಮೇಲೆ ಯಜಮಾನಿ ಯಾರು?” ಎಂದರು ಅತ್ತೆ. ಮೇಡಂಗೆ ನಗು ತಡೆಯಲಾಗಲಿಲ್ಲ. “ಅದನ್ನೇ ಹುಡುಕ್ತಾ ಇದೀನಿ” ಎಂದರು.

ಮಾರನೇ ಬೆಳಿಗ್ಗೆಯಿಂದ ಕನಸಿಗೆ ಬೆರಳುಗಳು ಬಂದವು. ಮೈಯಿಲ್ಲ, ಮುಖವಿಲ್ಲ, ಬರೀ ಬೆರಳುಗಳು. ಎಲೆಯೊಳಗಿನ ಹಸಿರು ಬೆಳಕಿನಲ್ಲಿ ಸಾಲಾಗಿ ಕೂತು ಹೂ ಕಟ್ಟುವ ಹೆಂಗಸರ ಹಾಗೆ ದಾರ ಹಿಡಿದಿರುತ್ತವಂತೆ. ಹಾಡಿಕೊಳ್ಳುತ್ತವಂತೆ ಕೂಡ. ಅತ್ತೆ ಪಕ್ಕದಲ್ಲಿ ಕೂತರೆ ಸರಿದು ಜಾಗ ಕೊಡುತ್ತವಂತೆ. “ನಿಮ್ಮನ್ನೂ ಸೇರಿಸ್ಕೊಂಡ್ವಾ? ಸಂಬಳ ಎಷ್ಟಂತೆ?” ಎಂದು ನಾನು ಚುಚ್ಚಿದೆ. ಅವರು ತಲೆ ಕೆಡಿಸಿಕೊಳ್ಳಲಿಲ್ಲ, ಕಾಫಿ ಆರುವವರೆಗೂ ಅದೇ ಗುಂಗಿನಲ್ಲಿದ್ದರು.

ಮೇಡಂ ಹುಡುಕುತ್ತಿದ್ದ ಬೆರಳು ಇರಬಹುದಾದ ಒಂದು ಮರ ಕೊಡ್ಲಿಪೇಟೆಯ ಹತ್ತಿರ ಸಿದ್ದಣ್ಣನವರ ಕಾಫಿ ತೋಟದಲ್ಲಿತ್ತು. ಸುತ್ತಲ ಕಿತ್ತಳೆಯೆಲ್ಲ ಹಳದಿ ತಿರುಗಿ ಸತ್ತರೂ ಅದೊಂದು ಮುದಿ ಮರ ಮಾತ್ರ ಹಸಿರಾಗಿ ನಿಂತಿತ್ತು. ಕಾಯಿ ಬಿಡುವುದು ನಿಂತಿದ್ದರೂ ಹೂ ಬಿಡುತ್ತಿತ್ತು. ಅದರ ಕಡ್ಡಿ ತಂದು ಕಸಿ ಕಟ್ಟಿದರೆ ಕಡ್ಡಿಯ ಜೊತೆ ರೋಗವೂ ಬರಬಹುದೆಂದು ಮೇಡಂ ಹೆದರಿದರು. ಹೂವಿನ ಪುಡಿಗೆ, ಅಂದರೆ ಪರಾಗಕ್ಕೆ, ಆ ಭಯವಿಲ್ಲ. ಹಾಗಾಗಿ ಪುಡಿ ತಂದು ನಮ್ಮ ಫಾರಂನ ಮರದ ಹೂವಿಗೆ ಮುಟ್ಟಿಸಿ, ಕಾಗದದ ಚೀಲ ಕಟ್ಟಿದರು. ಅದೇ ಮಳೆಗಾಲದಲ್ಲಿ ಗಾಳಿಗೆ ಕೊಡ್ಲಿಪೇಟೆಯ ಮರ ಬುಡಮೇಲಾಯಿತು. ಸಿದ್ದಣ್ಣನವರು ಫೋನ್ ಮಾಡಿ ಹೇಳಿದಾಗ ಮೇಡಂ ಮುಖ ಸಪ್ಪಗಾಯಿತು, ಆದರೂ “ಪರವಾಗಿಲ್ಲ, ಅದರ ಮಕ್ಕಳು ನಮ್ಮ ಹತ್ರ ಇವೆಯಲ್ಲ” ಎಂದರು.

ಹಣ್ಣಾಯಿತು, ಬೀಜ ಊರಿದ್ದಾಯಿತು, ಸಸಿ ಎದ್ದವು. ಮೇಡಂ ಮೀಟಿಂಗಿಗೆಂದು ಪರವೂರಿಗೆ ಹೊರಟರು. ಹೋಗುವಾಗ ಅತ್ತೆಯ ಕೈ ಹಿಡಿದು, “ಈ ಸಸಿಗಳು ನನ್ನ ಪ್ರಾಣ ಕಾಮಾಕ್ಷಮ್ಮ, ಚೆನ್ನಾಗಿ ನೋಡ್ಕೊಳ್ಳಿ” ಎಂದರು. ಅತ್ತೆಗೆ ಅಷ್ಟು ಸಾಕಾಯಿತು. ಬೇರೆಯವರನ್ನು ಹತ್ತಿರಕ್ಕೂ ಬಿಡದೆ, ಒಂದೊಂದು ಗುಂಪನ್ನೂ ದೇವರ ಸಾಮಾನು ತೊಳೆದ ಹಾಗೆ ಚೊಕ್ಕ ಮಾಡಿದರು. ಸೊಟ್ಟ ಒಂದನ್ನೂ ಬಿಡಲಿಲ್ಲ. ಎಲ್ಲ ಗುಂಡಿಗೆ ಹೋಗಿ ಬೂದಿಯಾದವು.

ಮೇಡಂ ವಾಪಸು ಬಂದು ಸಸಿಗಳ ಮುಂದೆ ನಿಂತರು. ಸಾಲು ಸಾಲಾಗಿ ಒಂದೇ ಎತ್ತರ, ಒಂದೇ ಹಸಿರು. ಅತ್ತೆ ಮೆಚ್ಚುಗೆಗೆ ಕಾಯುತ್ತ ಸೆರಗಿಗೆ ಕೈ ಒರೆಸುತ್ತಿದ್ದರು.

“ಸಣ್ಣವೆಲ್ಲಿ ಕಾಮಾಕ್ಷಮ್ಮ?”

“ಸೊಟ್ಟವಾ? ಕಿತ್ತು ಸುಟ್ಟಾಯ್ತು ಮೇಡಂನೋರೆ.”

ಮೇಡಂ ಅಲ್ಲೇ ಕಟ್ಟೆಯ ಮೇಲೆ ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಗ್ಗಿದ ದನಿಯಲ್ಲಿ ಬಿಡಿಸಿ ಹೇಳಿದರು: ಆ ನೆಟ್ಟಗಿನ ಸಸಿಗಳೆಲ್ಲ ತಾಯಿಯೊಬ್ಬಳಿಂದಲೇ ಹುಟ್ಟಿದವು, ಅವುಗಳಲ್ಲಿ ಅಪ್ಪನ ಅಂಶವೇ ಇಲ್ಲ. ಅಪ್ಪ ಅಮ್ಮ ಇಬ್ಬರೂ ಸೇರಿ ಹುಟ್ಟುವ ಸಸಿಯೇ ಹೆಚ್ಚಾಗಿ ಬಡಕಲು, ತಿರುಚು. ಕೊಡ್ಲಿಪೇಟೆಯ ಮರದ ಮಕ್ಕಳೆಂದರೆ ಆ ಸೊಟ್ಟಗಳೇ. “ತಪ್ಪು ನನ್ನದು. ನಿಮಗೆ ಹೇಳಬೇಕಿತ್ತು. ಗೊತ್ತಿರುತ್ತೆ ಅಂದ್ಕೊಂಡೆ” ಎಂದರು.

“ಅಯ್ಯೋ ಶಿವನೇ” ಎಂದಷ್ಟೇ ಅಂದರು ಅತ್ತೆ. ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡರು, ಮನೆಗೆ ಬರುವವರೆಗೂ ಬಿಚ್ಚಲಿಲ್ಲ.

ಮಾರನೇ ಬೆಳಿಗ್ಗೆ ಹಾಲು ಉಕ್ಕಲಿಲ್ಲ, ಕನಸಿನ ಮಾತೂ ಬರಲಿಲ್ಲ. ಅತ್ತೆ ಕಾಫಿ ಕುಡಿದು ಲೋಟ ಇಟ್ಟರು. ತುಳಸಿಗೆ ನೀರು ಹಾಕಲು ನನ್ನನ್ನು ಕಳಿಸಿದರು. “ನನ್ನ ಕೈ ಬೇಡ ಕಣಮ್ಮಿ. ಮನೆ ದೀಪ ಆರಿಸಿದ ಕೈ ಇದು.” ಫಾರಂಗೂ ಹೋಗಲಿಲ್ಲ. ನನಗೆ ಮೊದಲು ಕೋಪ ಬಂತು, ಆಮೇಲೆ ಹೆದರಿಕೆಯಾಯಿತು. ಕನಸು ಹೇಳುವಾಗ ಗದರಿದ್ದ ಬಾಯಿಯಲ್ಲೇ, “ಅತ್ತೆ, ಏನಾದ್ರೂ ಹೇಳಿ” ಎಂದು ಕೇಳಿಕೊಂಡೆ. “ದಾರ ನೆಲಕ್ಕೆ ಬಿದ್ದದೆ, ಹಿಡಿಯೋರಿಲ್ಲ. ಅದನ್ನೇನು ಹೇಳೋದು?” ಎಂದು ಗೋಡೆ ಕಡೆ ತಿರುಗಿದರು.

ಒಂದು ದಿನ ಸೀರೆ ಬದಲಿಸಿಕೊಂಡು ಬಂದು ನಿಂತರು. “ಕೊಡ್ಲಿಪೇಟೆಗೆ ಹೋಗ್ಬೇಕು. ಆ ಮರದ ಕಾಲು ಹಿಡಿದು ತಪ್ಪಾಯ್ತು ಅನ್ನಬೇಕು.” ನಂದೀಶ್ ನಕ್ಕ. ನಾನು ಅವನನ್ನು ಕಣ್ಣಲ್ಲೇ ಸುಟ್ಟು, ಅತ್ತೆಯ ಜೊತೆ ಬಸ್ಸು ಹತ್ತಿದೆ.

ಸೋಮವಾರಪೇಟೆ ದಾಟಿ, ಶನಿವಾರಸಂತೆ ದಾಟಿ ಬಸ್ಸು ಸಾಗುತ್ತಿದ್ದಂತೆ ಘಮ ಒಳಗೆ ನುಗ್ಗಿತು. ಹಿಂದಿನ ವಾರವಷ್ಟೇ ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಒಟ್ಟಿಗೆ ಅರಳಿದ್ದವು. ಕಣ್ಣು ಹರಿದಷ್ಟೂ ಬಿಳುಪು, ಅದರ ಮೇಲೆ ಎಳೆ ಬಿಸಿಲು. ಎಚ್ಚರವಿದ್ದೂ ನಿದ್ದೆಯಲ್ಲಿದ್ದಂತೆ ಅನ್ನಿಸಿತು. ಅತ್ತೆ ಕಿಟಕಿಗೆ ಹಣೆ ಆನಿಸಿ ಕೂತಿದ್ದರು. ಕೈ ಇನ್ನೂ ಸೆರಗಿನೊಳಗೇ ಇತ್ತು.

ಸಿದ್ದಣ್ಣನವರು ಹಣೆಗೆ ವಿಭೂತಿ ಹಚ್ಚಿದ, ದೊಡ್ಡ ದನಿಯ ಹಿರಿಯರು. ನಾವು ಬಂದ ಕಾರಣ ಕೇಳಿ ಬೆಪ್ಪಾದರು. “ಮರಕ್ಕೆ ತಪ್ಪಾಯ್ತು ಅನ್ನಾಕೆ ಬಂದ್ರಾ? ಆಯ್ತು ಬನ್ನಿ ತಾಯಿ. ಕಾಫಿ ಕುಯ್ಲು ಮುಗೀತು, ಆಳು ಸಿಕ್ಕವ್ರೆ. ನಾಳೆ ಅದನ್ನ ಕುಯ್ಸಿ ಸೌದೆ ಮಾಡ್ಸಾನ ಅಂತಿದ್ದೆ” ಎನ್ನುತ್ತ ಮುಂದೆ ನಡೆದರು.

ಮರ ಇಳಿಜಾರಿನಲ್ಲಿ ಅಡ್ಡಬಿದ್ದಿತ್ತು. ಅರ್ಧ ಬೇರು ಆಕಾಶ ನೋಡುತ್ತಿತ್ತು, ಅರ್ಧ ಇನ್ನೂ ಮಣ್ಣಲ್ಲಿತ್ತು. ಅತ್ತೆ ಬುಡದ ಹತ್ತಿರ ಕೂತು ಕಾಂಡಕ್ಕೆ ಹಣೆ ಮುಟ್ಟಿಸಿದರು. “ನಿನ್ನ ಮಕ್ಕಳನ್ನೆಲ್ಲ ಸುಟ್ಟುಬುಟ್ಟೆ ಕಣಪ್ಪ. ಗೊತ್ತಿಲ್ದೆ ಸುಟ್ಟುಬುಟ್ಟೆ.” ಮುಖ ಮುಚ್ಚದೆ, ಸಣ್ಣ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ನನ್ನ ಕಣ್ಣೂ ತುಂಬಿತು. ಸಿದ್ದಣ್ಣನವರು ಟವೆಲ್ಲಿನಿಂದ ಮೂಗು ಒರೆಸಿಕೊಂಡು ಬೇರೆ ಕಡೆ ನೋಡಿದರು.

ಅಳು ನಿಂತ ಮೇಲೆ ಅತ್ತೆ ತಲೆ ಎತ್ತಿ ಗಾಳಿ ಮೂಸಿದರು. “ಇದು ಕಾಫಿ ಹೂವಲ್ಲ.” ಮಂಡಿಯೂರಿ ಕೊಂಬೆಯ ಕೆಳಗೆ ಬಗ್ಗಿದರು. ನೆಲಕ್ಕೆ ಒತ್ತಿಕೊಂಡಿದ್ದ ರೆಂಬೆಯಲ್ಲಿ, ಒಣ ಎಲೆಗಳ ನಡುವೆ, ಬಿಳಿ ಮೊಗ್ಗುಗಳು! ಮೇಲಿಂದ ನೋಡಿದವರಿಗೆ ಕಾಣುವಂತೆಯೇ ಇರಲಿಲ್ಲ.

“ಸಾಯೋ ಮರ ತಾಯಿ, ಕೊನೇ ಸಲ ಹೂ ಬಿಡ್ತದೆ. ಕಾಯಿ ಕಚ್ಚಲ್ಲ” ಎಂದರು ಸಿದ್ದಣ್ಣ.

“ಕಾಯಿ ಬ್ಯಾಡ ಅಣ್ಣ. ಹೂವೇ ಸಾಕು” ಎಂದರು ಅತ್ತೆ. ಸೆರಗಿನಿಂದ ಕೈ ಹೊರಗೆ ಬಂದಿತ್ತು.

ನಾನು ಮೇಡಂಗೆ ಫೋನ್ ಮಾಡಿದೆ. ಅವರು ಒಂದೇ ಉಸಿರಿಗೆ, “ಬಿರಿಯದ ಮೊಗ್ಗು ತನ್ನಿ, ಒಣ ಬಟ್ಟೆ ಹಾಸಿ ತನ್ನಿ, ನೀರು ತಾಗಿಸ್ಬೇಡಿ” ಎಂದರು. ನಮ್ಮ ಬುತ್ತಿ ಡಬ್ಬಿಯ ಚಿತ್ರಾನ್ನವನ್ನು ಸಿದ್ದಣ್ಣನವರ ನಾಯಿಗೆ ಹಾಕಿ, ಡಬ್ಬಿ ಒರೆಸಿ ಮೊಗ್ಗು ತುಂಬಿದೆವು. ಹೊರಡುವ ಮುಂಚೆ ಅತ್ತೆ ಮತ್ತೆ ಮರದ ಹತ್ತಿರ ಹೋದರು. ಬುಡದ ಮಣ್ಣು ಬಲಗೈಯಲ್ಲಿ ಹಿಡಿದು, “ನಿನ್ನ ಮಗು ಹುಟ್ಟಿ, ಈ ಕೈಯಿಂದ್ಲೇ ಉಳಿಯೋವರ್ಗೂ ಈ ಕೈಲಿ ಅನ್ನ ಮುಟ್ಟಲ್ಲ” ಎಂದು ಹರಕೆ ಹೊತ್ತರು.

ಫಾರಂನಲ್ಲಿ ಈ ಸಲ ಪುಡಿ ಮುಟ್ಟಿಸಿದ್ದು ಅತ್ತೆಯೇ. ಮೇಡಂ ಕುಂಚ ಕೊಟ್ಟರು. ಇವರು ಅದನ್ನು ಕಿವಿಗೆ ಸಿಕ್ಕಿಸಿಕೊಂಡು, ಕೊಡ್ಲಿಪೇಟೆಯ ಹೂವನ್ನೇ ಬೆರಳ ತುದಿಯಲ್ಲಿ ಹಿಡಿದು, ಹಣೆಗೆ ಕುಂಕುಮ ಇಟ್ಟಂತೆ ಒಂದೊಂದಕ್ಕೂ ಇಟ್ಟರು. ಬಿದ್ದ ಮರ ಆ ಮಳೆಗಾಲದಲ್ಲಿ ಪೂರ್ತಿ ಒಣಗಿತು. ಸಿದ್ದಣ್ಣನವರು ಅದನ್ನು ಕುಯ್ಯಿಸಿದ ದಿನವೂ ಫೋನ್ ಮಾಡಿ ಹೇಳಿದರು. ಇನ್ನು ಆ ಮರ ಇದ್ದದ್ದು ನಮ್ಮ ಕಾಗದದ ಚೀಲಗಳೊಳಗೆ ಮಾತ್ರ.

ಇತ್ತ ಮನೆಯಲ್ಲಿ ಚಮಚದ ಸಂಸಾರ ಶುರುವಾಯಿತು. ಅನ್ನವೇನೋ ಸರಿ. ರಾಗಿ ಮುದ್ದೆಯನ್ನು ಚಮಚದಲ್ಲಿ ತಿನ್ನುವುದನ್ನು ನೀವು ನೋಡಿದ್ದೀರಾ? ಮುದ್ದೆ ಚಮಚ ಬಿಡದು, ಚಮಚ ಮುದ್ದೆ ಬಿಡದು. ಸಾರು ಒಂದು ಕಡೆ, ಮುದ್ದೆ ಒಂದು ಕಡೆ. ನಂದೀಶ್ “ಎಸ್ಟೇಟ್ ದೊರೆಸಾನಿ ಬಂದ್ರು, ದಾರಿ ಬಿಡಿ” ಎಂದು ಅಣಕಿಸುತ್ತಿದ್ದ. ಮದುವೆ ಮನೆಗಳಲ್ಲಿ ಎಲೆ ಮುಂದೆ ಕೂತು ಇವರು ಸೆರಗಿನಿಂದ ಚಮಚ ತೆಗೆದರೆ ಪಂಕ್ತಿಯೆಲ್ಲ ತಿರುಗಿ ನೋಡುತ್ತಿತ್ತು. ನನಗೆ ಮುಜುಗರವಾಗುತ್ತಿತ್ತು, ಜಗಳವನ್ನೂ ಆಡಿದೆ. “ಮುದ್ದೆ ಬಾಯಿಗೆ ರುಚಿನೇ ಹತ್ತಲ್ಲ ಕಣಮ್ಮಿ” ಎಂದು ಅವರೇ ಒಪ್ಪಿಕೊಂಡರು, ಆದರೆ ಚಮಚ ಬಿಡಲಿಲ್ಲ. ಕನಸನ್ನೂ ಹೇಳಲಿಲ್ಲ. ಬೆಳಗಿನ ಅಡುಗೆಮನೆ ನನಗೆ ಬಿಕೋ ಅನ್ನತೊಡಗಿತು.

ಚಳಿಗಾಲದಲ್ಲಿ ಹಣ್ಣು ಬಿಡಿಸಿ ಬೀಜ ಊರಿದರು. ಮೊಳಕೆ ಎದ್ದವು. ಹೆಚ್ಚಿನ ಬೀಜಗಳಲ್ಲಿ ಎಲ್ಲವೂ ನೆಟ್ಟಗೆ, ಒಂದೇ ತರ. ದಿನಾ ಬೆಳಿಗ್ಗೆ ಹೋಗಿ ಬಗ್ಗಿ ಬಗ್ಗಿ ನೋಡಿದ ಅತ್ತೆಯ ಮುಖ ಇಳಿಯುತ್ತ ಬಂತು. ಜೀವಮಾನವೆಲ್ಲ ಸೊಟ್ಟ ಕಂಡರೆ ಸಿಡುಕಿದವರು ಈಗ ಒಂದೇ ಒಂದು ಸೊಟ್ಟಕ್ಕಾಗಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ಕೊನೆಗೆ ಮೂಲೆಯ ತಟ್ಟೆಯಲ್ಲಿ ಒಂದು ಕಂಡಿತು, ಆಚೆ ಸಾಲಿನಲ್ಲಿ ಇನ್ನೂ ಕೆಲವು. ದಪ್ಪ ಸಸಿಗಳ ನೆರಳಲ್ಲಿ, ಎಲೆ ಮುದುಡಿಕೊಂಡು, ಉಸಿರು ಹಿಡಿದುಕೊಂಡಂತಿದ್ದವು.

ಮೇಡಂ ಅವುಗಳ ಎಲೆಯ ಚೂರು ಕತ್ತರಿಸಿ ಲ್ಯಾಬಿಗೆ ಒಯ್ದರು. ಆ ಸಂಜೆ ಓಡಿಕೊಂಡೇ ಬಂದರು. “ಅಪ್ಪನ ಗುರುತು ಇದೆ ಕಾಮಾಕ್ಷಮ್ಮ! ಕೊಡ್ಲಿಪೇಟೆ ಮರದ್ದೇ!” ರೋಗ ತಡೆಯುತ್ತವೋ ಇಲ್ಲವೋ ಎಂದು ತಿಳಿಯಲು ಇನ್ನೂ ವರ್ಷಗಳು ಬೇಕು ಎಂದೂ ಸೇರಿಸಿದರು. ಆಮೇಲೆ ದನಿ ತಗ್ಗಿಸಿ, “ಆದ್ರೆ ಪಕ್ಕದ ಗಟ್ಟಿ ಸಸಿಗಳನ್ನ ಈಗ್ಲೇ ಕೀಳಬೇಕು. ಇಲ್ಲದಿದ್ರೆ ಇವನ್ನ ಅವೇ ಕೊಲ್ತವೆ” ಎಂದರು.

ಮಾರನೇ ಬೆಳಿಗ್ಗೆ ನಾವು ಮೂವರೂ ತಟ್ಟೆಯ ಮುಂದೆ ಕೂತೆವು. ಅತ್ತೆ ಬೆರಳು ಚಾಚಿದರು, ಹಿಂದಕ್ಕೆ ತೆಗೆದುಕೊಂಡರು. ಅಷ್ಟು ಚಂದದ ಸಸಿಗಳು, ಹೊಳೆಯುವ ಎಲೆ, ಬೊಂಬಿನ ಹಾಗೆ ನೇರ ಕಾಂಡ. ಅಂಥದ್ದನ್ನು ಅವರು ಹುಟ್ಟಿದಾಗಿನಿಂದ ಕಿತ್ತವರಲ್ಲ.

“ನಾನು ಕೀಳ್ಲಾ ಅತ್ತೆ?”

“ಬ್ಯಾಡ. ಕೊಂದಿದ್ದೂ ಈ ಕೈ. ಉಳಿಸೋದೂ ಇದೇ ಆಗ್ಬೇಕು.”

ಎಡಗೈಯ ಬೆರಳುಗಳಲ್ಲಿ ಸೊಟ್ಟದ ಬುಡವನ್ನು ಮಡಚಿ ಹಿಡಿದುಕೊಂಡರು, ಬೇರು ಅಲುಗದಂತೆ. ಬಲಗೈಯಲ್ಲಿ ಪಕ್ಕದ ಗಟ್ಟಿ ಸಸಿಯನ್ನು ಹಿಡಿದು, “ತಪ್ಪು ತಿಳ್ಕಬ್ಯಾಡ ಕಣವ್ವ, ನೀನು ಎಲ್ಲಿದ್ರೂ ಬದುಕ್ತೀಯ” ಎಂದು ಮೆಲ್ಲಗೆ ಎಳೆದರು. ಅದು ಬಂತು. ಸೊಟ್ಟ ಒಂದು ಚೂರು ವಾಲಿ, ಅಲ್ಲೇ ನಿಂತಿತು. ಮೊದಲ ಸಲ ಅದರ ಮೇಲೆ ಬಿಸಿಲು ಬಿತ್ತು. ಮೇಡಂ ಅತ್ತೆಯ ಬೆರಳುಗಳನ್ನೇ ನೋಡುತ್ತಿದ್ದರು.

ಗುಂಡಿಗೆ ಹಾಕಲು ಅತ್ತೆ ಬಿಡಲಿಲ್ಲ. ಕಿತ್ತ ಗಟ್ಟಿ ಸಸಿಗಳನ್ನೆಲ್ಲ ಮೇಡಂ ಒಪ್ಪಿಗೆ ಕೇಳಿ ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ಓಣಿಯ ಮನೆಮನೆಗೂ ಕೊಟ್ಟು, ನೆಟ್ಟು, ಮುಟ್ಟಿ ಬಂದರು. ಅಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ನಾನು ಮುದ್ದೆ ಕಟ್ಟಿ, ಸೊಪ್ಪಿನ ಸಾರು ಬಿಟ್ಟು, ಅಭ್ಯಾಸದಂತೆ ತಟ್ಟೆಯ ಪಕ್ಕ ಚಮಚ ಇಟ್ಟೆ.

ಅತ್ತೆ ಕೈ ತೊಳೆದು ಬಂದು ಕೂತರು. ಚಮಚವನ್ನು ಎತ್ತಿ ನನ್ನ ಕೈಗೆ ವಾಪಸು ಕೊಟ್ಟರು. ಬೆರಳಲ್ಲಿ ಮುದ್ದೆ ಮುರಿದು, ಸಾರಲ್ಲಿ ಹೊರಳಿಸಿ, ಬಾಯಿಗಿಟ್ಟು ಕಣ್ಣು ಮುಚ್ಚಿದರು. ಸಾರು ಮುಂಗೈಯವರೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ.

“ಉಷಾ” ಎಂದರು, ಎರಡನೇ ತುತ್ತು ಮುರಿಯುತ್ತ. “ಬೆಳಿಗ್ಗೆ ಒಂದು ಕನಸು ಬಿದ್ದಿತ್ತು. ಚಿಕ್ಕದು ಮಾಡಿ ಹೇಳ್ಲಾ?”

“ಬೇಡ ಅತ್ತೆ, ಪೂರ್ತಿ ಹೇಳಿ” ಎಂದು ನಾನು ಒಲೆ ಆರಿಸಿ ಅವರ ಪಕ್ಕ ಕೂತೆ.